ಟೀ ಗುಡ್ಡದಲ್ಲಿ ತಟ್ಟೆ ಹಿಡಿದು ಬಂದವರು

ಬಾಳೂರು

ಶ್ರೀಲಂಕಾಕ್ಕೆ ಹೋಗಿಬಂದೆ ಎಂದರೆ ನಮ್ಮ ಬಾಳೂರಿನಲ್ಲಿ ಎಲ್ಲರೂ ಮೊದಲು ಕೇಳುವುದು ರಾವಣನ ವಿಷಯ. ಆಮೇಲೆ ಅಲ್ಲಿಯ ಟೀ ಹೇಗಿತ್ತು ಎಂದು. ರಾವಣನ ಸಮಾಚಾರ ನನಗೆ ಗೊತ್ತಿಲ್ಲ. ಟೀ ಬಹಳ ಚೆನ್ನಾಗಿತ್ತು. ಹುಟ್ಟಿದಾಗಿನಿಂದ ಕಾಫಿ ಗಿಡಗಳ ನಡುವೆಯೇ ಬೆಳೆದ ನಾನು ಇದನ್ನು ಒಪ್ಪಿಕೊಳ್ಳುತ್ತಿದ್ದೇನೆ ಎಂದರೆ ಅದು ಎಷ್ಟು ಚೆನ್ನಾಗಿರಬೇಕು, ನೀವೇ ಯೋಚಿಸಿ. ಆದರೆ ನಾನು ಬರೆಯಲು ಕೂತದ್ದು ಅಲ್ಲಿಯ ಒಂದು ಊಟದ ಬಗ್ಗೆ. ಅಂಥ ಊಟವನ್ನು ನಾನು ಯಾವ ಮದುವೆ ಮನೆಯಲ್ಲೂ ಕಂಡಿರಲಿಲ್ಲ.

ಮೂಡಿಗೆರೆಯಲ್ಲಿ ನಮ್ಮದೊಂದು ಮಹಿಳಾ ಸಂಘವಿದೆ. ಅದರ ಕಾರ್ಯದರ್ಶಿ ಜುಬೇದಾ. ಅವಳ ಗಂಡ ಬಸ್‌ಸ್ಟ್ಯಾಂಡಿನ ಹಿಂದೆ ಜೀಪು ರಿಪೇರಿ ಮಾಡುತ್ತಾನೆ, ಅವಳು ನಮ್ಮನ್ನು ರಿಪೇರಿ ಮಾಡುತ್ತಾಳೆ ಎಂದು ನಾವು ತಮಾಷೆ ಮಾಡುವುದುಂಟು. ಪ್ರತಿ ವರ್ಷ ಮಹಿಳಾ ದಿನಾಚರಣೆಗೆ ಬ್ಯಾನರ್ ಹಿಡಿದು ತಾಲ್ಲೂಕು ಕಚೇರಿಯವರೆಗೆ ನಡೆಯುತ್ತೇವೆ, ಭಾಷಣ ಮಾಡುತ್ತೇವೆ, ಉಪ್ಪಿಟ್ಟು ತಿಂದು ಮನೆಗೆ ಬರುತ್ತೇವೆ. ಆ ವರ್ಷ ಶ್ರೀಲಂಕಾದ ಟೀ ತೋಟಗಳಲ್ಲಿ ಕೆಲಸ ಮಾಡುವ ಹೆಂಗಸರ ಸಭೆಗೆ ನಮ್ಮ ಕಡೆಯಿಂದ ಇಬ್ಬರನ್ನು ಕರೆದರು. ಅಲ್ಲಿ ಯುದ್ಧಕ್ಕೆ ವಿರಾಮ ಬಿದ್ದಿದ್ದ ಕಾಲ. ಒಬ್ಬಳು ಭಾಷಣ ಮಾಡಬಲ್ಲವಳು, ಇನ್ನೊಬ್ಬಳು ತೋಟದ ಕೆಲಸದವಳು ಇರಲಿ ಎಂದು ಜುಬೇದಾ ತೀರ್ಮಾನಿಸಿದಳು. ಭಾಷಣಕ್ಕೆ ನಾನು. ಕೆಲಸದವಳು ಶಾಂತಿ.

ನಮ್ಮದು ಐದೆಕರೆಯ ಸಣ್ಣ ತೋಟ. ಬೇಲಿಯಾಚೆ ದೊಡ್ಡ ಎಸ್ಟೇಟು, ಅದರ ಆಳುಗಳ ಮನೆಗಳ ಸಾಲಿಗೆ ಲೈನ್ ಎನ್ನುತ್ತೇವೆ. ಶಾಂತಿ ಆ ಲೈನಿನವಳು. ಅವಳ ಅಪ್ಪ ಅಮ್ಮ ತಮಿಳುನಾಡಿನಿಂದ ಕಾಫಿ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಹಾಗಾಗಿ ಮನೆಯಲ್ಲಿ ತಮಿಳು, ಹೊರಗೆ ನಮ್ಮಷ್ಟೇ ಚೆನ್ನಾದ ಕನ್ನಡ. ಗಂಡ ಮುರುಗೇಶ ಮರಗಸಿ ಮಾಡುವವನು. ಕಾಫಿಗೆ ಬಿಸಿಲು ಬೇಕಾದಾಗ ಎತ್ತರದ ಮರ ಹತ್ತಿ ಕೊಂಬೆ ಕಡಿಯುವುದು ಅವನ ಕೆಲಸ. ಮರದ ಮೇಲೆ ಅವನಷ್ಟು ಹುಷಾರಿನ ಮನುಷ್ಯ ಇಲ್ಲ. ಮನೆಯಲ್ಲಿ ಮಾತ್ರ ಕೈ ಹಿಡಿತದಲ್ಲಿರುವುದಿಲ್ಲ. ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಹೋದಾಗ ಸ್ಟುಡಿಯೋದವನು ಶಾಂತಿಯ ಕಣ್ಣ ಕೆಳಗಿನ ಕಪ್ಪು ಇಳಿಯಲಿ ಎಂದು ಎರಡು ವಾರ ಬಿಟ್ಟು ಬರಹೇಳಿದ್ದ. ಅವನ ಮಾತಿನಲ್ಲಿ ಆಶ್ಚರ್ಯವೇ ಇರಲಿಲ್ಲ.

ಹೊರಡುವ ದಿನ ನಾನು ಅವಳನ್ನು ಕರೆಯಲು ಲೈನಿಗೆ ಹೋದೆ. ಮುರುಗೇಶ ಬಾಗಿಲಲ್ಲಿ ನಿಂತು ನಗುತ್ತಲೇ ಹೇಳಿದ: "ಕರ್ಕೊಂಡು ಹೋಗಿ ಅಮ್ಮ. ಊರೆಲ್ಲ ಸುತ್ತಿ ಬರ್ಲಿ. ಬಂದ ಮೇಲೆ ನಾನು ವಿಚಾರಿಸ್ಕೊಳ್ತೀನಿ."

ಅವನ ತಾಯಿ ಅಂಗಮ್ಮ ಒಳಗೆ ಬೆಂಕಿ ಊದುತ್ತಿದ್ದಳು. ಸೊಸೆ ಕಾಲು ಮುಟ್ಟಿದರೂ ತಲೆ ಎತ್ತಲಿಲ್ಲ. ಜೀಪಿನಲ್ಲಿ ಶಾಂತಿ ನನ್ನ ಪಕ್ಕ ಕೂತು, "ವಿಚಾರಿಸ್ಕೊಳ್ತೀನಿ ಅಂದ್ನಲ್ಲ ಅಮ್ಮ, ಮಾತು ತಪ್ಪೋನಲ್ಲ ಅವ್ನು" ಎಂದಳು. ಹೋದ ದಾರಿಯುದ್ದಕ್ಕೂ ಆ ಮಾತು ನಮ್ಮಿಬ್ಬರ ನಡುವೆ ಮೂರನೆಯ ಪ್ರಯಾಣಿಕನಂತೆ ಕೂತಿತ್ತು.

ಕೊಲಂಬೊ

ಪರರ ಮನೆಗೆ ಬರಿಗೈಯಲ್ಲಿ ಹೋಗುವುದು ನಮ್ಮ ಕಡೆಯವರಿಗೆ ಗೊತ್ತಿಲ್ಲ. ನಾನು ಮನೆಯಲ್ಲೇ ಹುರಿದು ಪುಡಿ ಮಾಡಿದ ಕಾಫಿಯನ್ನು ಹತ್ತಾರು ಪೊಟ್ಟಣ ಕಟ್ಟಿಕೊಂಡಿದ್ದೆ. "ಟೀ ದೇಶಕ್ಕೆ ಕಾಫಿ ಹೊತ್ಕೊಂಡು ಹೋಗ್ತೀಯಲ್ಲ ಮಾರಾಯ್ತಿ, ನಿನ್ನ ಒಳಗೆ ಬಿಡ್ತಾರಾ?" ಎಂದು ನನ್ನ ಯಜಮಾನರು ನಕ್ಕಿದ್ದರು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನನ್ನ ಚೀಲ ಬಿಚ್ಚಿಸಿದಾಗ ಯಜಮಾನರ ಮಾತು ನಿಜವಾಯಿತಲ್ಲ ಎಂದು ಚೀಲದ ಹಿಡಿ ಬಿಡದೆ ನಿಂತೆ. ಆತ ಒಂದು ಪೊಟ್ಟಣ ಎತ್ತಿ ಮೂಸಿದ. ಪಕ್ಕದವನನ್ನು ಕರೆದು ಅವನಿಗೂ ಮೂಸಿಸಿದ. ಇಬ್ಬರೂ ಕಣ್ಣು ಮುಚ್ಚಿ ನಿಂತರು. ನಾನು ಎರಡು ಪೊಟ್ಟಣ ಅಲ್ಲೇ ಕೊಟ್ಟುಬಿಡೋಣ ಎಂದುಕೊಂಡೆ, ಶಾಂತಿ ನನ್ನ ಮೊಣಕೈ ಹಿಡಿದು ಎಳೆದುಕೊಂಡು ಹೊರಬಂದಳು.

ಊರಿನ ಬೋರ್ಡುಗಳನ್ನು ನೋಡಿ ನನಗೆ ಮೊದಲು ಬಹಳ ಖುಷಿಯಾಯಿತು. ಸಿಂಹಳದ ಅಕ್ಷರಗಳು ನಮ್ಮ ಅಕ್ಷರಗಳನ್ನೇ ನೀರಲ್ಲಿ ನೆನೆಹಾಕಿ ಉಬ್ಬಿಸಿದ ಹಾಗೆ ದುಂಡಗಿದ್ದವು. ಇನ್ನೇನು ಓದಿಬಿಡುತ್ತೇನೆ ಎಂದು ಅರ್ಧ ದಿನ ಕತ್ತು ಹೊರಳಿಸಿ ನೋಡಿದೆ. ಒಂದೂ ಓದಲಾಗಲಿಲ್ಲ. ಬೀದಿ ಬೀದಿಯಲ್ಲಿ ಬಂದೂಕು ಹಿಡಿದ ಸಣ್ಣ ವಯಸ್ಸಿನ ಸಿಪಾಯಿಗಳು. ಅವರ ಪಕ್ಕದಲ್ಲೇ ಬಿಳೀ ಸಮವಸ್ತ್ರದ ಶಾಲೆ ಹುಡುಗಿಯರು ಐಸ್‌ಕ್ಯಾಂಡಿ ಚೀಪುತ್ತಾ ನಡೆದಿದ್ದರು. ಸಮುದ್ರದ ದಂಡೆಯಲ್ಲಿ ಗಾಡಿಯವನಿಂದ ವಡೆ ಕೊಂಡು ಬಾಯಿಗಿಟ್ಟರೆ ಅದರ ಮೇಲೆ ಇಡೀ ಸಿಗಡಿ, ಮೀಸೆ ಸಮೇತ! ನಾನು ಕೂಗಿಕೊಂಡೆ. ಗಾಡಿಯವನು ನಕ್ಕು ಇನ್ನೊಂದು ಕೊಟ್ಟ. ಎರಡನೆಯದನ್ನು ಮೀಸೆ ಸಮೇತವೇ ತಿಂದೆ.

ರೈಲಿನಲ್ಲಿ

ಬೆಟ್ಟದ ರೈಲು ಹತ್ತಿದೆವು. ಚಾರ್ಮಾಡಿ ಘಾಟಿ ನೋಡಿದವಳಿಗೆ ಯಾವ ಬೆಟ್ಟ ಏನು ಮಹಾ ಎಂದುಕೊಂಡು ಕೂತಿದ್ದೆ. ರೈಲು ಮಂಜಿನೊಳಗೆ ನುಗ್ಗಿ ಆಚೆ ಬಂದಾಗ ನಾನು ಸೀಟಿನಿಂದ ಎದ್ದೇ ನಿಂತೆ. ಕಣ್ಣು ಹಾಯುವವರೆಗೆ ಗುಡ್ಡದ ಮೇಲೆ ಗುಡ್ಡ, ಅಷ್ಟಕ್ಕೂ ಟೀ. ಒಂದೇ ಎತ್ತರಕ್ಕೆ ಕತ್ತರಿಸಿದ ಹಸಿರು, ಕಂಬಳಿ ಹಾಸಿದ ಹಾಗೆ, ನಡುವೆ ಬಿಳಿ ದಾರದಂತೆ ಜಲಪಾತಗಳು. ಆಕಾಶಕ್ಕೆ ಹತ್ತಿರ ಹೋದ ಹಾಗೆಲ್ಲ ಹಸಿರು ಇನ್ನೂ ಮೇಲಕ್ಕೆ ಹೋಗುತ್ತಿತ್ತು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಆದರೆ ಸ್ವಲ್ಪ ಹೊತ್ತಿನಲ್ಲೇ ಒಂದು ಕಸಿವಿಸಿ ಶುರುವಾಯಿತು. ಅಲ್ಲಿ ನೆರಳೇ ಇಲ್ಲ. ನಮ್ಮ ಕಾಫಿ ತೋಟವೆಂದರೆ ಮೇಲೆ ಹಲಸು, ಅತ್ತಿ, ಬೈನೆ, ಸಿಲ್ವರ್ ಓಕ್. ಅದರ ಕೆಳಗೆ ಗಿಡ, ಗಿಡದ ಕೆಳಗೆ ಮನುಷ್ಯ. ಯಾರು ಎಲ್ಲಿ ಕೂತು ಅತ್ತರೂ ಕಾಣುವುದಿಲ್ಲ. ಇಲ್ಲಿ ಮೈಲಿ ದೂರದಿಂದಲೂ ಎಲೆ ಕೀಳುವ ಹೆಂಗಸರ ಸೀರೆಯ ಬಣ್ಣ ಕಾಣುತ್ತಿತ್ತು, ಅವರು ಸೊಂಟ ನೆಟ್ಟಗೆ ಮಾಡಿಕೊಳ್ಳುವುದು ಕೂಡ ಕಾಣುತ್ತಿತ್ತು.

ಎದುರು ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಇಂಗ್ಲಿಷಿನಲ್ಲಿ, ಹಿಂದೆ ಈ ಗುಡ್ಡಗಳೆಲ್ಲ ಕಾಫಿಯೇ ಆಗಿತ್ತು, ಎಲೆಗೆ ರೋಗ ಬಂದು ಎಲ್ಲ ನಾಶವಾದ ಮೇಲೆ ಟೀ ಹಾಕಿದರು ಎಂದು ಹೇಳಿದರು. ಇಡೀ ಬೆಟ್ಟ ಸಾಲು ಒಂದು ಬೆಳೆ ಬಿಟ್ಟು ಇನ್ನೊಂದಕ್ಕೆ ತಿರುಗಿದ್ದನ್ನು ಊಹಿಸಲೂ ನನಗೆ ಆಗಲಿಲ್ಲ. ನಮ್ಮಲ್ಲಿ ಒಂದು ಬೇಲಿ ಗೂಟ ಬದಲಿಸಬೇಕಾದರೆ ಮೂರು ತಲೆಮಾರು ಯೋಚಿಸುತ್ತಾರೆ. ಇದನ್ನು ಶಾಂತಿಗೆ ಹೇಳಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸದೆ, "ರೋಗ ಬಂದ್ರೆ ಕಿತ್ತು ಹಾಕ್ಲೇಬೇಕಲ್ಲಮ್ಮ" ಎಂದಳು.

ಸೆಲ್ಲಮ್ಮನ ಲಯ

ಹ್ಯಾಟನ್ ಸ್ಟೇಷನ್ನಿನಲ್ಲಿ ಇಳಿದು, ವ್ಯಾನಿನಲ್ಲಿ ಹೋಗಿ ಒಂದು ಎಸ್ಟೇಟು ಸೇರಿದೆವು. ಸಭೆಗೆ ಬಂದವರನ್ನೆಲ್ಲ ಹೋಟೆಲಿನಲ್ಲಿ ಇಡದೆ ಕೆಲಸದವರ ಮನೆಗಳಲ್ಲೇ ಹಂಚಿದ್ದರು. ನಾವು ಸೆಲ್ಲಮ್ಮನ ಪಾಲಿಗೆ ಬಂದೆವು. ಅರವತ್ತರ ಹತ್ತಿರದ ಹೆಂಗಸು, ಕಡ್ಡಿಯಂತೆ ಸಣ್ಣಗೆ, ದನಿ ಮಾತ್ರ ಕಂಚಿನದು. ನಾವು ಲೈನ್ ಎನ್ನುವುದನ್ನು ಅವರು ಲಯ ಎನ್ನುತ್ತಾರೆ. ಅದೇ ತಗಡಿನ ಮಾಡು, ಅದೇ ಒಂದೊಂದು ಕೋಣೆಯ ಸಾಲು, ಬಾಗಿಲ ಮುಂದೆ ಅದೇ ಉದ್ದನೆಯ ಜಗಲಿ. ಶಾಂತಿ ಒಳಗೆ ಕಾಲಿಟ್ಟವಳೇ ನೀರಿನ ಕೊಡ ಎಲ್ಲಿದೆ ಎಂದು ಯಾರನ್ನೂ ಕೇಳದೆ ಹೋಗಿ ಮುಖ ತೊಳೆದು ಬಂದಳು.

ಅಲ್ಲಿಯವರ ಮಾತು ತಮಿಳು. ನನಗೆ ಬರುವುದು ಆಳುಗಳ ಜೊತೆ ಕೆಲಸ ಮಾಡಿಸಲು ಬೇಕಾದಷ್ಟು ತಮಿಳು ಮಾತ್ರ. ಆ ತಮಿಳಿನಲ್ಲಿ 'ಬೇಗ ಬಾ', 'ಚೀಲ ಎತ್ತು', 'ಊಟ ಆಯಿತಾ' ಬಿಟ್ಟರೆ ಹೆಚ್ಚೇನೂ ಇಲ್ಲ. ಉಳಿದದ್ದನ್ನು ಶಾಂತಿ ಹೇಳಿದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಸೆಲ್ಲಮ್ಮ ಟೀ ಕೊಟ್ಟಳು. ಹಾಲಿಲ್ಲ, ಸಕ್ಕರೆಯಿಲ್ಲ. ಅಂಗೈಗೆ ಒಂದು ತುಂಡು ಬೆಲ್ಲ ಹಾಕಿದಳು. ನಾನು ಬೆಲ್ಲವನ್ನು ಲೋಟದೊಳಗೆ ಹಾಕಿ ಬೆರಳಲ್ಲಿ ಕದಡುತ್ತಿದ್ದರೆ ಅಕ್ಕಪಕ್ಕದ ಮಕ್ಕಳೆಲ್ಲ ನಗಲು ಬಂದರು. ಬೆಲ್ಲ ಕಚ್ಚಿ, ಮೇಲೆ ಟೀ ಗುಟುಕರಿಸಬೇಕಂತೆ. ಹಾಗೆ ಕುಡಿದ ಮೇಲೆ ನನಗೆ ಮನೆಯ ಕಾಫಿಯ ನೆನಪು ಎರಡು ದಿನ ಬರಲಿಲ್ಲ.

ಸಂಜೆ ಕಿತ್ತ ಎಲೆ ತೂಗಿಸಿ ಬಂದ ಹೆಂಗಸರು ಸ್ನಾನ ಮಾಡಿ ಅಡುಗೆ ಮುಗಿಸಿದರು. ಬೆಳಕು ಇನ್ನೂ ಇತ್ತು. ಸೆಲ್ಲಮ್ಮ ನಮಗೆ ಒಂದೊಂದು ತಟ್ಟೆ ಕೊಟ್ಟು, ಅದಕ್ಕೆ ದಪ್ಪನೆಯ ರೊಟ್ಟಿ, ಕೆಂಪಗಿನ ಕಾಯಿ ಚಟ್ನಿ ಹಾಕಿ, "ಬನ್ನಿ, ಅಲ್ಲಿ ಕೂತು ತಿನ್ನೋಣ" ಎಂದಳು. ಹೊರಗೆ ಬಂದರೆ ಸಾಲಿನ ಪ್ರತಿ ಬಾಗಿಲಿಂದಲೂ ಒಬ್ಬೊಬ್ಬ ಹೆಂಗಸು ತಟ್ಟೆ ಹಿಡಿದು ಹೊರಬರುತ್ತಿದ್ದಳು. ಎಲ್ಲರೂ ಸಾಲಿನ ಕೊನೆಯ ಮನೆಯ ಮುಂದೆ ಹೋಗಿ ಕೂತರು. ಮೂವತ್ತು ಜನಕ್ಕೆ ಕಡಿಮೆಯಿರಲಿಲ್ಲ. ನಡುವೆ ಒಬ್ಬ ಎಳೆಯ ಹೆಂಗಸಿಗೆ ಜಾಗ ಬಿಟ್ಟು, ಎಲ್ಲರೂ ತಮ್ಮ ತಟ್ಟೆಯಿಂದ ಒಂದೊಂದು ತುತ್ತು ಅವಳ ತಟ್ಟೆಗೆ ಹಾಕಿದರು. ಯಾರೂ ಮಾತಾಡಲಿಲ್ಲ.

ನನಗೆ ಎಷ್ಟು ಸಂತೋಷವಾಯಿತು ಗೊತ್ತೆ? ಇದು ಯಾವುದೋ ಹರಕೆಯ ಊಟ, ಆ ಎಳೆಯ ಹೆಂಗಸು ಬಸುರಿ, ಎಲ್ಲರೂ ಸೇರಿ ಅವಳಿಗೆ ಉಣ್ಣಿಸುತ್ತಿದ್ದಾರೆ ಎಂದು ನಾನೇ ತೀರ್ಮಾನಿಸಿದೆ. ಮಾತಾಡದೆ ಉಣ್ಣುವುದು ನಮ್ಮಲ್ಲೂ ಕೆಲವು ಮನೆಗಳಲ್ಲಿ ಇರುವ ಮಡಿ. ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ಮನೆಯ ಯಜಮಾನ ಇರಬೇಕು. ತಲೆ ತಗ್ಗಿಸಿಕೊಂಡಿದ್ದ. ಎಷ್ಟು ವಿನಯ, ನಮ್ಮ ಗಂಡಸರು ಇವನನ್ನು ನೋಡಿ ಕಲಿಯಬೇಕು ಎಂದುಕೊಂಡೆ. ಪಕ್ಕದಲ್ಲಿ ಶಾಂತಿ ತಟ್ಟೆ ಮುಟ್ಟದೆ ಕೂತಿದ್ದಳು. ದೂರದ ಪ್ರಯಾಣ, ಹಸಿವಿಲ್ಲವೇನೋ ಎಂದುಕೊಂಡು ಅವಳ ರೊಟ್ಟಿಯ ಅರ್ಧವನ್ನೂ ನಾನೇ ತಿಂದೆ.

ಉಂಡ ಮನೆಯ ಯಜಮಾನನಿಗೆ ಊಟ ಚೆನ್ನಾಗಿತ್ತು ಎಂದು ಹೇಳದೆ ಮಲೆನಾಡಿನ ಯಾವ ಹೆಂಗಸು ಎದ್ದು ಹೋದಾಳು? ಸೆರಗಿನಲ್ಲಿ ಇಟ್ಟುಕೊಂಡಿದ್ದ ಕಾಫಿ ಪುಡಿಯ ಪೊಟ್ಟಣ ತೆಗೆದೆ. ಎದ್ದು, ಎಲ್ಲರ ನಡುವೆ ದಾಟಿಕೊಂಡು ಹೋಗಿ, ಅದನ್ನು ಅವನ ಎರಡೂ ಕೈಗೆ ಇಟ್ಟು, ನನ್ನ ಹರಕು ತಮಿಳಿನಲ್ಲಿ ಗಟ್ಟಿಯಾಗಿ, "ಊಟ ಬಹಳ ಚೆನ್ನಾಗಿತ್ತಪ್ಪಾ, ನಿನ್ನ ಮನೆ ತಣ್ಣಗಿರಲಿ" ಎಂದೆ.

ಅವನು ತಲೆ ಎತ್ತಿದ. ನೀರಲ್ಲಿ ಮುಳುಗುವವನ ಕೈಗೆ ಬಳ್ಳಿ ಸಿಕ್ಕಿದ ಹಾಗಿತ್ತು ಅವನ ಮುಖ. "ಯಾವ ಊರಮ್ಮ ನಿಮ್ಮದು? ಒಳಗೆ ಬನ್ನಿ, ಕೂತ್ಕೊಳ್ಳಿ" ಎಂದು ನಗಲು ಶುರುಮಾಡಿದ. ಹಿಂದೆ ಒಂದೇ ಸಲಕ್ಕೆ ಎಲ್ಲರೂ ಎದ್ದ ಸದ್ದಾಯಿತು. ತಿರುಗಿ ನೋಡಿದರೆ ಅರ್ಧ ಉಂಡ ತಟ್ಟೆ ಹಿಡಿದು ಎಲ್ಲರೂ ವಾಪಸ್ಸು ಹೊರಟಿದ್ದರು. ಶಾಂತಿ ಓಡಿಬಂದು ನನ್ನ ಸೀರೆ ಹಿಡಿದು ಎಳೆದಳು. "ಬನ್ನಿ ಅಮ್ಮ, ಬನ್ನಿ. ಎಂತ ಮಾಡಿದ್ರಿ ನೀವು!"

ಏನು ಮಾಡಿದ್ದೆ ಎಂದು ಸೆಲ್ಲಮ್ಮ ಆಮೇಲೆ ಹೇಳಿದಳು. ಕೋಪವಿರಲಿಲ್ಲ ಅವಳಿಗೆ, ಅದೇ ನನ್ನನ್ನು ಇನ್ನೂ ಹಿಂಡಿತು. ಆ ಎಳೆಯ ಹೆಂಗಸು ವಸಂತಿ. ಬಾಗಿಲಲ್ಲಿ ನಿಂತಿದ್ದವನು ಅವಳ ಗಂಡ. ಅವಳನ್ನು ಸೌದೆಯಿಂದ ಹೊಡೆದಿದ್ದ. ಈ ಲಯದಲ್ಲಿ ಯಾರಾದರೂ ಹೆಂಡತಿಗೆ ಹೊಡೆದರೆ ಅವತ್ತಿನಿಂದ ಅವನ ಮನೆಯ ಒಲೆಯನ್ನು ಯಾವ ಹೆಂಗಸೂ ಹಚ್ಚುವುದಿಲ್ಲ. ಪ್ರತಿ ಸಂಜೆ ಎಲ್ಲರೂ ತಮ್ಮ ತಮ್ಮ ಊಟ ತಂದು ಅವನ ಬಾಗಿಲ ಮುಂದೆ ಕೂತು ಉಣ್ಣುತ್ತಾರೆ. ಅವನ ಜೊತೆ ಮಾತಿಲ್ಲ, ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ತಾನು ಮಾಡಿದ್ದನ್ನು ಅವನೇ ಹೊರಗೆ ಬಂದು, ಎಲ್ಲರ ಎದುರು, ತನ್ನ ಬಾಯಿಂದಲೇ ಹೇಳಬೇಕು. ಅಲ್ಲಿಯವರೆಗೂ ಈ ಊಟ ನಿಲ್ಲುವುದಿಲ್ಲ.

"ಇವತ್ತು ಹೇಳೋನಿದ್ದ. ತುಟಿ ಅಲ್ಲಾಡ್ತಿತ್ತು, ನಾನು ನೋಡಿದೆ" ಎಂದಳು ಸೆಲ್ಲಮ್ಮ. "ನಾಳೆ ಮತ್ತೆ ಕೂತರಾಯ್ತು ಬಿಡು."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹೊಡೆದವನಿಗೆ ಮನೆ ತಣ್ಣಗಿರಲಿ ಎಂದು ಹರಸಿ, ಕಾಫಿ ಪುಡಿ ಕೊಟ್ಟು ಬಂದವಳು ನಾನು! ಮಲಗುವ ಮುಂಚೆ ಶಾಂತಿಯನ್ನು ಕೇಳಿದೆ, ನಿನಗೆ ಹೇಗೆ ಗೊತ್ತಾಯಿತು ಎಂದು.

"ಯಾರೂ ಅವನ ಮುಖ ನೋಡ್ತಾ ಇರ್ಲಿಲ್ಲ ಅಮ್ಮ. ಎಲ್ರೂ ಅವಳ ಮುಖಾನೇ ನೋಡ್ತಿದ್ರು" ಎಂದಳು. ಚಾದರ ಎಳೆದುಕೊಳ್ಳುತ್ತಾ, "ನಂಗೆ ಹೊಡ್ತ ಬಿದ್ದ ಮಾರನೇ ದಿನ ಲೈನಲ್ಲಿ ಯಾರೂ ನನ್ನ ಮುಖ ನೋಡಲ್ಲ" ಎಂದಳು.

ಎಲೆ ಕೀಳುವಲ್ಲಿ

ಮರುದಿನ ಸಭೆ. ಮೈಕು ಕೈಕೊಟ್ಟಿತು, ನಾನು ಬರೆದು ತಂದ ಭಾಷಣ ಓದಿದೆ, ಜನ ಚಪ್ಪಾಳೆ ತಟ್ಟಿದರು. ಅಷ್ಟು ಸಾಕು ಅದರ ಬಗ್ಗೆ.

ಸಭೆ ಮುಗಿದ ಮೇಲೆ ಸೆಲ್ಲಮ್ಮ ನಮ್ಮನ್ನು ಗುಡ್ಡದ ಮೇಲೆ ಕರೆದುಕೊಂಡು ಹೋದಳು. ದೂರದಲ್ಲಿ ಅವರು ಪವಿತ್ರವೆನ್ನುವ ಶಿಖರ, ನಮ್ಮ ಮೇರ್ತಿ ಗುಡ್ಡಕ್ಕಿಂತ ಚೂಪು, ಮೋಡ ಸೀಳಿಕೊಂಡು ನಿಂತಿತ್ತು. ಸೆಲ್ಲಮ್ಮ ಅದಕ್ಕೆ ಒಂದು ಸಲ ಕೈ ಮುಗಿದು, ಬುಟ್ಟಿಯ ಹಗ್ಗವನ್ನು ಹಣೆಗೆ ಸಿಕ್ಕಿಸಿಕೊಂಡಳು. ಆಮೇಲೆ ಅವಳ ಕೈಗಳು ಕಾಣಲಿಲ್ಲ. ಎರಡು ಎಲೆ, ಒಂದು ಕುಡಿ, ಹೆಗಲ ಮೇಲಿಂದ ಹಿಂದಕ್ಕೆ, ಮತ್ತೆ ಮುಂದಕ್ಕೆ. ಶಾಂತಿಯೂ ಕೈ ಹಾಕಿದಳು. ಕಾಫಿ ಹಣ್ಣನ್ನು ತಿರುಚಿ ಬಿಡಿಸಿ ರೂಢಿಯಾದ ಬೆರಳು, ಎಲೆಯನ್ನು ಹರಿದು ಹಾಕಿತು. ಇಬ್ಬರೂ ನಕ್ಕರು. ಈ ಊಟ ಶುರುವಾದದ್ದು ಹೇಗೆ ಎಂದು ಶಾಂತಿ ಕೇಳಿದ್ದು ಆಗ.

ಸೆಲ್ಲಮ್ಮ ಕೈ ನಿಲ್ಲಿಸದೆ ಹೇಳಿದಳು. ಅವಳ ಪಕ್ಕದ ಕೋಣೆಯಲ್ಲಿ ಒಬ್ಬ ಹುಡುಗಿ ಇದ್ದಳು, ಮದುವೆಯಾಗಿ ಬಂದವಳು. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. "ಪ್ರತಿ ಏಟೂ ನನಗೆ ಕೇಳಿಸ್ತಿತ್ತು. ಈ ಸಾಲಲ್ಲಿ ಎಲ್ಲರಿಗೂ ಕೇಳಿಸ್ತಿತ್ತು. ನಾವು ಬಾಗಿಲು ಹಾಕ್ಕೊಳ್ತಿದ್ದೆವು. ಒಂದಿನ ಕೇಳಿಸೋದು ನಿಂತಿತು." ಹುಡುಗಿಯನ್ನು ಮಣ್ಣು ಮಾಡಿ ಬಂದ ಸಂಜೆ ಸೆಲ್ಲಮ್ಮನಿಗೆ ಮನೆಯಲ್ಲಿ ಕೂತು ಉಣ್ಣಲಾಗಲಿಲ್ಲ. ಕಣ್ಣೆದುರು ಅದೇ ಹಲಗೆಯ ಗೋಡೆ. ತಟ್ಟೆ ಎತ್ತಿಕೊಂಡು ಹೋಗಿ ಆ ಹುಡುಗಿಯ ಬಾಗಿಲ ಮುಂದೆ ಕೂತಳು. ಮರುದಿನವೂ ಹೋದಳು. ಅದರ ಮರುದಿನ ಇನ್ನೊಬ್ಬಳು ಬಂದು ಪಕ್ಕದಲ್ಲಿ ಕೂತಳು.

"ನಿಮ್ಮ ಗಂಡಸರು ಸುಮ್ಮನಿದ್ದರಾ?" ಎಂದೆ.

"ಎಲ್ಲಿ ಸುಮ್ಮನಿರ್ತಾರೆ? ನನ್ನ ಗಂಡ ತಟ್ಟೆ ಎಸೆದ. ಮೇಸ್ತ್ರಿ ಕೆಲಸದಿಂದ ತೆಗೀತೀನಿ ಅಂದ. ಒಂದು ಮನೆಯಲ್ಲಿ ಬಿಸಿ ಗಂಜಿ ಎರಚಿದರು." ಮುಂಗೈ ತೋರಿಸಿದಳು, ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. "ಆದರೆ ಉಣ್ಣಬೇಡ ಅಂತ ಯಾರು ಹೇಳೋಕಾಗತ್ತೆ? ನಾವು ಜಗಳ ಮಾಡಲಿಲ್ಲ, ಕೂಗಲಿಲ್ಲ. ಊಟ ಮಾಡಿದೆವು, ಅಷ್ಟೇ."

ಸುತ್ತ ಅಷ್ಟು ದೊಡ್ಡ ಬೆಟ್ಟಗಳಿದ್ದವು. ನಾನು ಆ ಕಡ್ಡಿಯಂಥ ಹೆಂಗಸನ್ನೇ ನೋಡುತ್ತಾ ನಿಂತೆ. ದೇವರ ಮುಂದೆ ನಿಂತಾಗ ಆಗುವಂಥದ್ದೇ ಏನೋ ನನಗೆ ಆಯಿತು. ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಮತ್ತೊಂದು ಸಂಜೆ

ಅವತ್ತು ನಾನು ಎಲ್ಲರಿಗಿಂತ ಹಿಂದೆ, ಬಾಯಿಗೆ ಬೀಗ ಹಾಕಿಕೊಂಡು ಕೂತೆ. ರೊಟ್ಟಿ ಮುರಿಯುವ, ಅಗಿಯುವ ಸದ್ದು ಬಿಟ್ಟರೆ ಏನಿಲ್ಲ. ಅಷ್ಟು ಜನ ಹೆಂಗಸರು ಅಷ್ಟು ಹೊತ್ತು ಮಾತಿಲ್ಲದೆ ಕೂತದ್ದನ್ನು ನಾನು ಬದುಕಿನಲ್ಲೇ ಕಂಡಿರಲಿಲ್ಲ. ಆ ಮೌನಕ್ಕೆ ಭಾರ ಇತ್ತು. ಹಿಂದಿನ ದಿನ ನನಗದು ತಿಳಿಯದೇ ಹೋಗಿದ್ದೇ ಆಶ್ಚರ್ಯ.

ವಸಂತಿಯ ಗಂಡ ಹೊರಗೆ ಬಂದ. ನಾನು ಕೊಟ್ಟ ಪೊಟ್ಟಣ ಅವನ ಕೈಯಲ್ಲಿತ್ತು, ಬಿಚ್ಚಿರಲಿಲ್ಲ. ಅದನ್ನು ನನ್ನ ಮುಂದೆ ನೆಲದ ಮೇಲಿಟ್ಟು ಹಿಂದಕ್ಕೆ ಸರಿದು ನಿಂತ.

"ಕುಡಿದಿದ್ದೆ" ಎಂದ.

ಯಾರೂ ತಲೆ ಎತ್ತಲಿಲ್ಲ. ಉಣ್ಣುತ್ತಲೇ ಇದ್ದರು.

"ಇವಳೂ ಎದುರು ಮಾತಾಡಿದಳು" ಎಂದ.

ರೊಟ್ಟಿ ಮುರಿಯುವ ಸದ್ದು. ಸೆಲ್ಲಮ್ಮ ಪಕ್ಕದವಳ ತಟ್ಟೆಗೆ ಚಟ್ನಿ ಹಾಕಿದಳು.

ಅವನು ಎಷ್ಟೋ ಹೊತ್ತು ನಿಂತ. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಹೊಡೆದೆ. ಸೌದೆಯಿಂದ ಹೊಡೆದೆ. ಯಾರೂ ಕೇಳಲ್ಲ ಅಂತ ಹೊಡೆದೆ" ಎಂದ.

ಆಗ ಎಲ್ಲರ ಕೈ ನಿಂತಿತು. ಒಬ್ಬರೂ ಉಣ್ಣಲಿಲ್ಲ. ಸೆಲ್ಲಮ್ಮ ವಸಂತಿಯ ಕಡೆ ತಿರುಗಿ, ಒಳಗೆ ಹೋಗ್ತೀಯಾ ಎಂದು ಕೇಳಿದಳು. ಅವಳು ಹೋಗುತ್ತಾಳೆ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ, ಸಿನಿಮಾದ ಹಾಗೆ ಮುಗಿಯುತ್ತದೆ ಎಂದು ನಾನು ಕಾದೆ. ವಸಂತಿ ತಟ್ಟೆ ತೊಳೆದು ಎದ್ದು ನಿಂತು, "ಇವತ್ತಿಲ್ಲ" ಎಂದಳು. ಅದೇ ಸಾಲಿನಲ್ಲಿದ್ದ ತನ್ನ ಅಕ್ಕನ ಮನೆಯ ಕಡೆ ನಡೆದಳು. ಯಾರೂ ಅವಳನ್ನು ತಡೆಯಲಿಲ್ಲ, ಬುದ್ಧಿ ಹೇಳಲಿಲ್ಲ. ಹೆಂಗಸರು ಒಬ್ಬೊಬ್ಬರೇ ತಟ್ಟೆ ಎತ್ತಿಕೊಂಡು ಮನೆಗೆ ಹೋದರು.

ಇಳಿಯುವ ರೈಲು

ವಾಪಸ್ಸು ಬರುವ ರೈಲಿನಲ್ಲಿ ಶಾಂತಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ನಾನೇ ಮಾತಾಡಿದೆ. ಜುಬೇದಾಗೆ ಹೇಳಬೇಕು, ಸಂಘದಲ್ಲಿ ಹೇಳಬೇಕು, ಮುಂದಿನ ಮಹಿಳಾ ದಿನಾಚರಣೆಗೆ ಇದನ್ನೇ ಭಾಷಣ ಮಾಡಬೇಕು ಎಂದೆಲ್ಲ.

"ಅಮ್ಮ" ಎಂದಳು ಅವಳು. "ನೀವು ಅಲ್ಲಿ ನೆಲದ ಮೇಲೆ ಕೂತು ಅವ್ರ ತಟ್ಟೇಲಿ ಊಟ ಮಾಡಿದ್ರಿ. ನಮ್ಮ ಲೈನಲ್ಲಿ ಕೂರ್ತೀರಾ?"

"ಕೂರ್ತೀನಿ" ಎಂದೆ. ಎಷ್ಟು ಬೇಗ ಹೇಳಿದೆ ಎಂದರೆ ಅವಳಿಗೆ ನಂಬಿಕೆ ಬರಲಿಲ್ಲ. ನನಗೂ ಪೂರ್ತಿ ಬರಲಿಲ್ಲ. ಬೇಲಿಯಾಚೆಗಿನ ಆ ಲೈನಿಗೆ ನಾನು ಆಳು ಕರೆಯಲು ಹೋಗಿದ್ದೇನೆ, ಔಷಧಿ ಕೊಡಲು ಹೋಗಿದ್ದೇನೆ. ಉಣ್ಣಲು ಹೋಗಿರಲಿಲ್ಲ. ಸಮುದ್ರ ದಾಟಿದ್ದು ಸುಲಭ, ಆ ಬೇಲಿ ದಾಟುವುದು ಹೇಗೆ ಎಂದು ಕೊಲಂಬೊವರೆಗೂ ಯೋಚಿಸಿದೆ.

ಮತ್ತೆ ಬಾಳೂರು

ಮುರುಗೇಶ ಮಾತು ತಪ್ಪಲಿಲ್ಲ. ನಾವು ಬಂದ ಮರುದಿನ ಬೆಳಿಗ್ಗೆ ಶಾಂತಿ ನಮ್ಮ ಅಂಗಳಕ್ಕೆ ಬಂದಾಗ ಒಂದು ಕಿವಿ ಊದಿ ಕೆಂಪಾಗಿತ್ತು. ಜೀಪು ಹಿಡಿದು ಅವಳನ್ನು ಮೂಡಿಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬರುವಾಗ ಜುಬೇದಾಳನ್ನೂ ಕರೆತಂದೆ. ಮಧ್ಯಾಹ್ನ ಶಾಂತಿ ಲೈನಿನ ಮನೆ ಮನೆಗೆ ಹೋಗಿ, ಲಂಕೆಯಲ್ಲಿ ಕಂಡದ್ದನ್ನು ಹೇಳಿ, ಸಂಜೆ ಬನ್ನಿ ಎಂದು ಕರೆದಳು. ಕೆಲವರು ಮಕ್ಕಳಿದ್ದಾರೆ ಎಂದರು. ಕೆಲವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬೈಯುತ್ತಾನೆ ಎಂದರು. ಒಬ್ಬಳು, "ಗಂಡ ಹೆಂಡ್ತಿ ವಿಷ್ಯ, ನಮಗೆಂತಕ್ಕೆ ಮಾರಾಯ್ತಿ" ಎಂದು ಬಾಗಿಲು ಹಾಕಿದಳಂತೆ.

ಸಂಜೆ ತಟ್ಟೆಗೆ ಅನ್ನ, ಬಸ್ಸಾರು ಹಾಕಿಕೊಂಡು ಹೊರಟೆ. ಯಜಮಾನರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. "ಎಲ್ಲಿಗೆ ಮಾರಾಯ್ತಿ, ತಟ್ಟೆ ಹಿಡ್ಕೊಂಡು?"

"ಊಟಕ್ಕೆ."

ಅವರು ನನ್ನ ಮುಖ ನೋಡಿದರು. ಏನೋ ಹೇಳಲು ಹೋಗಿ, "ಟಾರ್ಚ್ ತಗೊಂಡು ಹೋಗು" ಎಂದರು.

ಮುರುಗೇಶನ ಬಾಗಿಲ ಮುಂದೆ ಮೂವರೇ ಕೂತೆವು. ಶಾಂತಿ, ಜುಬೇದಾ, ನಾನು. ಜುಬೇದಾಳ ಡಬ್ಬಿಯಿಂದ ನಾನು, ನನ್ನ ತಟ್ಟೆಯಿಂದ ಶಾಂತಿ, ಅವಳದ್ದರಿಂದ ಜುಬೇದಾ ಒಂದೊಂದು ತುತ್ತು ತೆಗೆದುಕೊಂಡೆವು. ಸಾಲಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಯಾರದೋ ಮನೆಯಲ್ಲಿ ರೇಡಿಯೋ ದನಿ ಜೋರಾಯಿತು. ಮುರುಗೇಶ ಒಳಗಿಂದಲೇ ನಕ್ಕ: "ಏನಮ್ಮಾ, ಪಿಕ್ನಿಕ್ಕಾ?" ನಾನು ಉತ್ತರ ಕೊಡಲಿಲ್ಲ. ನನ್ನಂಥವಳಿಗೆ ಅದು ಎಷ್ಟು ಕಷ್ಟ ಎಂದು ನನ್ನ ಮನೆಯವರನ್ನು ಕೇಳಿ. ಲಂಕೆಯಲ್ಲಿ ಮೂವತ್ತು ಜನರ ಹಿಂದೆ ಕೂತು ಸುಮ್ಮನಿದ್ದದ್ದು ಯಾವ ಲೆಕ್ಕಕ್ಕೂ ಇಲ್ಲ ಎಂದು ಆಗ ಗೊತ್ತಾಯಿತು.

ರಾತ್ರಿ ಶಾಂತಿ ನಮ್ಮ ಮನೆಯಲ್ಲೇ ಮಲಗಿದಳು. ಎರಡನೆಯ ಸಂಜೆಯೂ ಮೂವರೇ. ಮೂರನೆಯ ಸಂಜೆ ಜುಬೇದಾ ನನ್ನ ಕಿವಿಯಲ್ಲಿ, "ಎಷ್ಟು ದಿನ ವಿಶಾಲಕ್ಕ?" ಎಂದಳು. ನನಗೂ ಗೊತ್ತಿರಲಿಲ್ಲ. ಶಾಂತಿ ತಟ್ಟೆ ನೋಡುತ್ತಾ ಕೂತಿದ್ದಳು. ಇವರು ಸೋತರೆ ನನ್ನ ಗತಿಯೇನು ಎಂಬುದು ಅವಳ ಬಗ್ಗಿದ ಬೆನ್ನಿನಲ್ಲೇ ಕಾಣುತ್ತಿತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮುರುಗೇಶ ಜಗಳಕ್ಕೆ ಬಂದ ಎಂದುಕೊಂಡು ನಾನು ಶಾಂತಿಯ ಮುಂದಕ್ಕೆ ಸರಿದೆ. ಬಂದವಳು ಅಂಗಮ್ಮ. ಅವಳ ಕೈಯಲ್ಲಿ ಒಂದು ತಟ್ಟೆ, ಅದರಲ್ಲಿ ಮುದ್ದೆ, ಮೇಲೆ ಸಾರು. ಒಳಗಿಂದ ಮಗ, "ಅಮ್ಮಾ, ಎಲ್ಲಿಗೆ? ಏ ಅಮ್ಮಾ!" ಎಂದು ಕೂಗಿದ. ಅವಳು ತಿರುಗಲಿಲ್ಲ. ಗೋಡೆ ಹಿಡಿದು ನಿಧಾನಕ್ಕೆ ಮೆಟ್ಟಿಲು ಇಳಿದು, ಸೊಸೆಯ ಪಕ್ಕ ಬಂದು ನಿಂತಳು. ಅವಳು ಬೈಯುತ್ತಾಳೋ, ತಟ್ಟೆ ಎರಚುತ್ತಾಳೋ ಎಂದು ನಾನು ನನ್ನ ತಟ್ಟೆ ಬದಿಗಿಟ್ಟೆ.

"ಸ್ವಲ್ಪ ಜರುಗಮ್ಮ" ಎಂದಳು.

ನಾನು ಜರುಗಿದೆ. ಅವಳು ಮೊಣಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಳು. ಮುದ್ದೆ ಮುರಿದು ದೊಡ್ಡ ತುಂಡನ್ನು ಶಾಂತಿಯ ತಟ್ಟೆಗೆ ಹಾಕಿದಳು. ಆಮೇಲೆ ಸಾಲಿನ ಮುಚ್ಚಿದ ಬಾಗಿಲುಗಳಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಇವನಪ್ಪ ನಂಗೆ ಹೊಡೀವಾಗ ಯಾರೂ ಬರ್ಲಿಲ್ಲ."